ಹಳೆಯ ಕ್ಯಾಸೆಟ್‌ಗಳೆಲ್ಲ ಮಂದವಾಗಿ ಕೇಳಿಸುತ್ತಿವೆ, ಡೆಕ್ ಟೇಪು ನುಂಗುತ್ತಿದೆ: ಸಹಾಯ ಬೇಕು

ಟೇಪ್‌ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಈಗ ಹೆಚ್ಚು ಹೊತ್ತು ಮನೆಯಲ್ಲೇ ಇರುವುದರಿಂದ, ಎಷ್ಟೋ ವರ್ಷ ಮುಟ್ಟದೆ ಇಟ್ಟಿದ್ದ ಕ್ಯಾಸೆಟ್‌ಗಳನ್ನು ಹೊರತೆಗೆದಿದ್ದೇನೆ. ಕೊಂಡವೂ ಇವೆ, ರೇಡಿಯೊದಿಂದ ನಾನೇ ರೆಕಾರ್ಡ್ ಮಾಡಿಕೊಂಡವೂ ಇವೆ. ರೇಡಿಯೊದವು ಇನ್ನೆಲ್ಲೂ ಸಿಗುವಂಥವಲ್ಲ, ಅದಕ್ಕೇ ಭಯ. ಎಲ್ಲ ಹಾಡುಗಳೂ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತಿವೆ. ಎಡಗಡೆ ಸ್ಪೀಕರ್ ಆಗಾಗ ನಿಂತು ಮತ್ತೆ ಬರುತ್ತದೆ. ನಿನ್ನೆ ಒಂದು ಕ್ಯಾಸೆಟ್‌ನ ಟೇಪು ಹೊರಬಂದು ಡೆಕ್‌ನೊಳಗೆ ಸುತ್ತಿಕೊಂಡಿತು. ಬಿಡಿಸಿದ್ದೇನೆ, ಆದರೆ ಅಷ್ಟುದ್ದ ಸುಕ್ಕಾಗಿದೆ. ಟೇಪುಗಳೇ ಕೆಟ್ಟಿವೆಯಾ?

ಕ್ಯಾಪ್‌ಸ್ಟನ್:
ಮೊದಲು ಡೆಕ್ ನಿಲ್ಲಿಸಿ. ರೇಡಿಯೊ ಕ್ಯಾಸೆಟ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅವುಗಳ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಕಳೆದುಹೋದರೂ ಪರವಾಗಿಲ್ಲ ಅನ್ನಿಸುವ ಒಂದು ಕ್ಯಾಸೆಟ್ ಇಟ್ಟುಕೊಂಡು ಪರೀಕ್ಷೆ ಮಾಡಿ.

ಇಷ್ಟು ತೊಂದರೆಗಳು ಒಟ್ಟಿಗೇ ಬಂದರೆ ನನ್ನ ಅನುಮಾನ ಟೇಪಿನ ಮೇಲಲ್ಲ, ಯಂತ್ರದ ಮೇಲೆ. ಟೇಪು ಹೊರಬರುವುದು ಹೇಗೆಂದರೆ, ಪಿಂಚ್ ರೋಲರ್ ಎಂಬ ರಬ್ಬರ್ ಉರುಳೆ ಟೇಪನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ, ಆದರೆ ಅದನ್ನು ಸುತ್ತಿಕೊಳ್ಳಬೇಕಾದ ಬಲಗಡೆ ಚಕ್ರ ನಿಂತಿರುತ್ತದೆ. ಹೆಚ್ಚಾಗಿ ಬೆಲ್ಟ್ ಸಡಿಲಾಗಿರುತ್ತದೆ, ಇಲ್ಲವೇ ಆ ಚಕ್ರವನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ಗಟ್ಟಿಯಾಗಿ ಜಾರುತ್ತಿರುತ್ತದೆ. ಕ್ಯಾಸೆಟ್ ಹಾಕದೆ ಪ್ಲೇ ಒತ್ತಲು ಸಾಧ್ಯವಿದ್ದರೆ ಒತ್ತಿ, ಬಲಗಡೆ ಸ್ಪಿಂಡಲ್ ಅನ್ನು ಬೆರಳಿನಿಂದ ಹಗುರವಾಗಿ ಹಿಡಿದು ನೋಡಿ. ಸಮನಾಗಿ, ಮೆತ್ತಗೆ ಎಳೆಯಬೇಕು. ತಕ್ಷಣ ನಿಂತುಬಿಟ್ಟರೆ ಕಾರಣ ಸಿಕ್ಕಿತು.

ಟೇಪ್‌ಪೆಟ್ಟಿಗೆ:
ನಿಂತುಬಿಡುತ್ತದೆ! ಹಿಂದಿನ ಮುಚ್ಚಳ ತೆಗೆದೆ. ಬೆಲ್ಟ್ ಇದ್ದ ಜಾಗದಲ್ಲಿ ಕಪ್ಪು ಅಂಟಿನ ಹಾಗೆ ಏನೋ ಇದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ.

ಕ್ಯಾಪ್‌ಸ್ಟನ್:
ಅದೇ ಬೆಲ್ಟ್. ಹಳೆಯ ರಬ್ಬರ್ ಕರಗಿ ಹಾಗಾಗುತ್ತದೆ. ಪುಲ್ಲಿ ಮತ್ತು ಫ್ಲೈವೀಲ್‌ನ (ಬೆಲ್ಟ್ ತಿರುಗಿಸುವ ಭಾರದ ಚಕ್ರ) ಅಂಚಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒರೆಸಿ ತೆಗೆಯಿರಿ. ಸ್ವಲ್ಪ ಉಳಿದರೂ ಹೊಸ ಬೆಲ್ಟ್ ಜಾರುತ್ತದೆ, ವೇಗ ಏರಿಳಿದು ಸ್ವರ ಅಲುಗಾಡುತ್ತದೆ. ಹೊಸದನ್ನು ಹಳೆಯದರ ಅಳತೆಗೇ ತರಬೇಡಿ. ಹಳೆಯದು ಹಿಗ್ಗಿರುತ್ತದೆ, ಸ್ವಲ್ಪ ಚಿಕ್ಕದೇ ಇರಲಿ.

ಅದೇ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಹೆಡ್ (ಟೇಪನ್ನು ಓದುವ ಭಾಗ) ಮತ್ತು ಕ್ಯಾಪ್‌ಸ್ಟನ್ (ರೋಲರ್ ಟೇಪನ್ನು ಒತ್ತಿ ಹಿಡಿಯುವ, ತಿರುಗುವ ಲೋಹದ ಕಡ್ಡಿ) ಒರೆಸಿ. ರಬ್ಬರ್ ರೋಲರ್‌ಗೆ ಮಾತ್ರ ಅದು ಬೇಡ, ಹಗುರವಾದ ಸೋಪಿನ ನೀರು ಸಾಕು. ಹತ್ತಿಗೆ ಹತ್ತುವ ಕಂದು ಪುಡಿ ಟೇಪಿನಿಂದ ಉದುರಿದ ಆಕ್ಸೈಡ್, ಅಂದರೆ ಧ್ವನಿ ದಾಖಲಾಗುವ ಕಾಂತೀಯ ಲೇಪ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಆ ವೇಗದಲ್ಲಿ 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನ್‌ಗಿಂತಲೂ ಚಿಕ್ಕದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹೆಡ್ ಮೇಲೆ 1 ಮೈಕ್ರಾನ್ ಕೊಳೆ ಕೂತರೆ ಸಾಕು, ಆ ಸ್ವರ ಸುಮಾರು 11 ಡೆಸಿಬಲ್ ಬೀಳುತ್ತದೆ. ನಿಮಗೆ ಕಾಣದಷ್ಟು ಕೊಳೆಯೇ ತಾಳದ ಝಣತ್ಕಾರವನ್ನು ನುಂಗುತ್ತದೆ ಎಂದರ್ಥ.

ಎಡ ಚಾನೆಲ್‌ನ ವಿಷಯ: 3.81 ಮಿಲಿಮೀಟರ್ ಅಗಲದ ಟೇಪಿನಲ್ಲಿ ನಾಲ್ಕು ಟ್ರ್ಯಾಕ್ (ಒಂದೊಂದು ಬದಿಗೂ ಎಡ, ಬಲ ಎಂದು ಎರಡೆರಡು ಧ್ವನಿಪಟ್ಟಿ), ಒಂದೊಂದೂ ಸುಮಾರು 0.6 ಮಿಲಿಮೀಟರ್. ಎಡ ಚಾನೆಲ್ ಇರುವುದು ಅಂಚಿನಲ್ಲೇ. ಆದ್ದರಿಂದ ಅಂಚು ಸುಕ್ಕಾದರೆ ಮೊದಲು ಹೋಗುವುದು ಅದೇ. ಸುಕ್ಕಾದ ಭಾಗವನ್ನು ಶುಚಿಯಾದ ಬೆರಳುಗಳಿಂದ ನೀವಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ. ಬಿಸಿ ಮಾಡುವ ಗೋಜಿಗೆ ಹೋಗಬೇಡಿ.

ಮೂರನೇ ಹೆಡ್:
ಕ್ಯಾಸೆಟ್ ಒಳಗಿನ ಚಿಕ್ಕ ಫೆಲ್ಟ್ ತುಂಡನ್ನೂ ನೋಡಿ. ತಾಮ್ರದ ಪಟ್ಟಿಯ ಮೇಲೆ ಅಂಟಿಸಿರುತ್ತಾರೆ, ಟೇಪನ್ನು ಹೆಡ್‌ಗೆ ಒತ್ತುವುದು ಅದೇ. ಅಂಟು ಒಣಗಿ ಅದು ಉದುರಿದ್ದರೆ ಎಷ್ಟು ಒರೆಸಿದರೂ ಧ್ವನಿ ಬರುವುದಿಲ್ಲ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಎರಡು ಸುರುಳಿಯನ್ನೂ ಒಟ್ಟಿಗೆ ಎತ್ತಿ ಬೇರೊಂದು ಖಾಲಿ ಕವಚಕ್ಕೆ ಸೇರಿಸಬಹುದು. ಅಂಚಿನಲ್ಲಿ ಬಿಳಿ ಬೂಷ್ಟು ಕಂಡ ಟೇಪನ್ನು ಮಾತ್ರ ಹಾಗೇ ಹಾಕಬೇಡಿ, ಹೆಡ್ ಮೂಲಕ ಉಳಿದವಕ್ಕೂ ಹರಡುತ್ತದೆ.

ಟೇಪ್‌ಪೆಟ್ಟಿಗೆ:
ಬೆಲ್ಟ್ ಹಾಕಿದೆ. ಕೊಂಡ ಕ್ಯಾಸೆಟ್‌ಗಳು ಈಗ ಸ್ವಚ್ಛವಾಗಿ ಕೇಳಿಸುತ್ತಿವೆ. ಪಿಟೀಲಿನ ಕಮಾನು ತಂತಿ ಮುಟ್ಟುವ ಸದ್ದೂ ಕೇಳಿಸುತ್ತಿದೆ, ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಆದರೆ ರೇಡಿಯೊದವು ಇನ್ನೂ ಮಂಕು. ಅವನ್ನು ಬೇರೆ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದೆ.

ಕ್ಯಾಪ್‌ಸ್ಟನ್:
ಆ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಆ ಯಂತ್ರದ ಹೆಡ್ ಕೂದಲೆಳೆಯಷ್ಟು ಓರೆ ಇದ್ದಿರಬೇಕು. ಹೆಡ್‌ನ ಈ ಓರೆಯ ಕೋನವನ್ನೇ ಅಜಿಮತ್ ಅನ್ನುವುದು. ಹೆಡ್ ಪಕ್ಕ ಸ್ಪ್ರಿಂಗ್ ಇರುವ ಒಂದು ಚಿಕ್ಕ ಸ್ಕ್ರೂ ಇದೆ. ಅದು ಈಗ ಎಲ್ಲಿ ನಿಂತಿದೆಯೋ ಅಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಿ, ಹಾಡು ಓಡುತ್ತಿರುವಾಗಲೇ ಕಾಲು ಸುತ್ತಿನೊಳಗೆ ನಿಧಾನವಾಗಿ ತಿರುಗಿಸಿ. ಧ್ವನಿ ತೀರಾ ಸ್ಪಷ್ಟವಾದ ಕಡೆ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಗುರುತಿಗೇ ವಾಪಸ್ ತನ್ನಿ, ಇಲ್ಲದಿದ್ದರೆ ಕೊಂಡ ಕ್ಯಾಸೆಟ್‌ಗಳು ಮಂಕಾಗುತ್ತವೆ.

ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಸ್ವಿಚ್ ಇದ್ದರೆ ಅಜಿಮತ್ ಸರಿಯಾಗುವವರೆಗೆ ಆನ್ ಮಾಡಬೇಡಿ. ಕ್ಷೀಣವಾಗಿ ಬಂದ ಹೆಚ್ಚಿನ ಸ್ವರಗಳನ್ನು ಅದು ಸುಯ್ ಸದ್ದೆಂದು ತಿಳಿದು ಇನ್ನಷ್ಟು ಅದುಮುತ್ತದೆ.

ಟೇಪ್‌ಪೆಟ್ಟಿಗೆ:
ಬಂತು! ನಿರೂಪಕರ ಉಸಿರಿನ ಸಹಿತ ಬಂತು. ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕೆಂದಿದ್ದೇನೆ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಹಾಕಬಹುದೇ?

ಮೂರನೇ ಹೆಡ್:
ಬೇಡ. ಅದು ಬಹುಪಾಲು ಮೋನೊ, ಮೇಲಾಗಿ ಡೆಕ್‌ನ ಸಿಗ್ನಲ್‌ಗೆ ಒಡೆದ ಹಾಗೆ ಕೇಳುತ್ತದೆ. ಲೈನ್ ಇನ್ (ಡೆಕ್‌ನಂಥ ಯಂತ್ರಗಳ ಸಿಗ್ನಲ್ ತೆಗೆದುಕೊಳ್ಳುವ ತೂತು) ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಗೊಂಡು ಡೆಕ್‌ನ ಲೈನ್ ಔಟ್ ಜೋಡಿಸಿ. ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ತಂತ್ರಾಂಶ ಸಾಕು. 24 ಬಿಟ್, 48 ಕಿಲೋಹರ್ಟ್ಸ್ ಇಡಿ, ಜೋರಾದ ಭಾಗವೂ ಮೈನಸ್ 6 ಡೆಸಿಬಲ್ ದಾಟದಿರಲಿ. ಒಂದು ಗಂಟೆಗೆ ಸುಮಾರು 1 ಜಿಬಿ ಬೇಕು, ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಕಡತ) ಮಾಡಿದರೆ ಸಾಕಷ್ಟು ಇಳಿಯುತ್ತದೆ. ಸುಯ್ ಸದ್ದನ್ನು ತೆಗೆಯುವ ಫಿಲ್ಟರ್ ಹಾಕುವುದಿದ್ದರೆ ಪ್ರತಿಯ ಮೇಲೆ ಹಾಕಿ, ಮೂಲ ಕಡತ ಇದ್ದ ಹಾಗೇ ಇರಲಿ.

ಟೇಪ್‌ಪೆಟ್ಟಿಗೆ:
ಇನ್ನೊಂದು: ಒಂದು ಸಿ-120 (ಎರಡೂ ಬದಿ ಸೇರಿ 120 ನಿಮಿಷದ) ಕ್ಯಾಸೆಟ್ ಇದೆ. ಇದೇ ಡೆಕ್‌ಗೆ ಹಾಕಲಾ?

ಕ್ಯಾಪ್‌ಸ್ಟನ್:
ಅದರ ಟೇಪು ಬಹಳ ತೆಳು, ಸಿ-60ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ ದಪ್ಪ. ಕೊನೆಗೆ ಇಡಿ. ಫಾಸ್ಟ್ ಫಾರ್ವರ್ಡ್, ರಿವೈಂಡ್ ಮಾಡಬೇಡಿ, ಮೊದಲಿನಿಂದ ಒಂದೇ ಸಲ ಓಡಿಸಿ, ಓಡುವಾಗಲೇ ಇಳಿಸಿಕೊಳ್ಳಿ.