ಕಿಡ್ನಿ ಕಸಿಯ ನಂತರ ಸಕ್ಕರೆ ಕಾಯಿಲೆ: ಅನುಭವವಿದ್ದವರು ಹೇಳುವಿರಾ?

ದಾವಣಗೆರೆಯಿಂದ: ನನ್ನ ತಮ್ಮನಿಗೆ ಬೆಂಗಳೂರಿನಲ್ಲಿ ಕಿಡ್ನಿ ಕಸಿಯಾಗಿ ನಾಲ್ಕು ತಿಂಗಳಾಯಿತು. ಕಿಡ್ನಿ ಕೊಟ್ಟವರು ಅಮ್ಮ. ಕಿಡ್ನಿ ಹೇಗಿದೆಯೆಂದು ಹೇಳುವ ಕ್ರಿಯಾಟಿನಿನ್ 1.2 ಇದೆ, ಆ ಕಡೆಯಿಂದ ಚಿಂತೆಯಿಲ್ಲ. ಆದರೆ ಹಿಂದೆಂದೂ ಇಲ್ಲದ ಸಕ್ಕರೆ ಕಾಯಿಲೆ ಬಂದಿದೆಯೆಂದು ಇನ್ಸುಲಿನ್ ಬರೆದಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 98 ಇರುವಾಗ ಸೂಜಿ ಏಕೆಂದು ಅವನ ಜಗಳ. ತನ್ನ ಕಿಡ್ನಿಯಿಂದಲೇ ಬಂತೇನೋ ಎಂದು ಅಮ್ಮನ ಕೊರಗು.

ಚಿತ್ರದುರ್ಗದಿಂದ: ಅಕ್ಕ, ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಇದು ಕಿಡ್ನಿಯ ಜೊತೆ ಬಂದದ್ದಲ್ಲ. ಅದನ್ನು ಕಾಯುವ ಮಾತ್ರೆಗಳಿಂದ ಬರುವಂಥದ್ದು. ನನಗೆ ಕಸಿಯಾಗಿ ಆರು ವರ್ಷ. ನಾನೂ ಖಾಲಿ ಹೊಟ್ಟೆಯ ಲೆಕ್ಕವನ್ನು ಅಂಕಪಟ್ಟಿಯಂತೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದವನೇ. ರಾತ್ರಿ ಐದು ಸಲ ಮೂತ್ರಕ್ಕೆ ಎದ್ದರೆ ಹಿಗ್ಗುತ್ತಿದ್ದೆ! ಡಯಾಲಿಸಿಸ್ ಕಾಲದಲ್ಲಿ ಹನಿ ಮೂತ್ರಕ್ಕೂ ಹಂಬಲಿಸಿದವನಿಗೆ ಹೊಸ ಕಿಡ್ನಿಯ ಹುರುಪು ಅದೆಂದೇ ತೋರಿತು. ಬಾಯಾರಿಕೆ ತಡೆಯದೆ ಒಂದು ದಿನ ಸಂಜೆ ನಾಲ್ಕಕ್ಕೆ ಪರೀಕ್ಷಿಸಿದರೆ 286. ಬೆಳಿಗ್ಗೆ ನುಂಗುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆಯನ್ನು ಏರಿಸಿ ರಾತ್ರಿ ಬಿಟ್ಟುಕೊಡುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆ ಮೇದೋಜೀರಕದಿಂದ ಇನ್ಸುಲಿನ್ ಹೊರಬರುವುದನ್ನೇ ತಗ್ಗಿಸುತ್ತದೆ. ಹಾಗಾಗಿ ಮಧ್ಯಾಹ್ನದ ಊಟವಾದ ಎರಡು ಗಂಟೆಗೆ ನೋಡಿ. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಮೊದಮೊದಲು ದಾರಿ ತಪ್ಪಿಸಬಹುದು. ರಕ್ತಹೀನತೆ ಇದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಅದರ ಲೆಕ್ಕ ಸರಿಬರುವುದಿಲ್ಲ. ಸ್ಟೀರಾಯ್ಡ್ ಪ್ರಮಾಣ ಇಳಿಯುತ್ತಾ ಬಂದಂತೆ ನನಗೆ ಇನ್ಸುಲಿನ್ ನಿಂತಿತು, ಈಗ ಒಂದು ಮಾತ್ರೆಯಷ್ಟೇ. ಎಲ್ಲರಿಗೂ ಹಾಗಾಗುತ್ತದೆಂದು ಹೇಳಲಾರೆ.

ದಾವಣಗೆರೆ, ವಿದ್ಯಾನಗರದಿಂದ: ನಮ್ಮ ಮನೆಯವರದು ಬಾಯಿಯ ಕಥೆ, ತಂಗಿ. ಕಸಿಗೆ ಮುಂಚೆ ಕಿಡ್ನಿ ಪಥ್ಯವೆಂದು ವರ್ಷಗಟ್ಟಲೆ ಬಾಳೆಹಣ್ಣು, ಎಳನೀರು ಮುಟ್ಟದವರು. ಮೇಲೆ ಸ್ಟೀರಾಯ್ಡ್ ಹಸಿವು. ‘ಇನ್ನೇನು, ತಿನ್ನಪ್ಪ’ ಎಂದು ನೆಂಟರೆಲ್ಲ ಬೆಣ್ಣೆದೋಸೆ, ಮಂಡಕ್ಕಿ ಮೆಣಸಿನಕಾಯಿ ತಂದದ್ದೇ ತಂದದ್ದು. ಒಂಬತ್ತು ಕಿಲೋ ಏರಿದರು. ಮಂಡಕ್ಕಿ ಹಗುರವೆಂದು ನಂಬಬೇಡಿ, ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ರಾಗಿಮುದ್ದೆಗೂ ಅಳತೆ ಬೇಕು. ಈಗ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ.

ಜಗಳೂರಿನಿಂದ: ಅಮೃತಬಳ್ಳಿ ಕಷಾಯ ಕುಡಿಸಿ ನೋಡಿ, ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಇಳಿದಿದೆ.

ಚಿತ್ರದುರ್ಗದಿಂದ: ಬೇಡವೇ ಬೇಡ, ಸ್ವಾಮಿ. ನಿಮ್ಮ ದೊಡ್ಡಪ್ಪನಿಗೆ ಕಸಿಯಾಗಿಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನು ನಾವು ದುಡ್ಡು ಕೊಟ್ಟು ಮಲಗಿಸಿದ್ದೇವೆ. ಅದನ್ನು ಕೆರಳಿಸುವ ಬಳ್ಳಿ ನಮಗಲ್ಲ. ಚಕ್ಕೋತವೂ ಬೇಡ, ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರೀತು. ಸಕ್ಕರೆ ಬಂತೆಂದು ಆ ಮಾತ್ರೆಯನ್ನು ತಾವಾಗಿ ಕಡಿಮೆ ಮಾಡುವುದಂತೂ ಕಿಡ್ನಿಯನ್ನೇ ಪಣಕ್ಕಿಟ್ಟಂತೆ.

ಹಿರಿಯೂರಿನಿಂದ: ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಅದು ನೆನಪಿತ್ತು. ಆದರೆ ತಿಂಡಿಗೆ ಮುಂಚಿನ ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಸಾಲಿನಲ್ಲಿ ನಿಂತೆ. ಕೈ ನಡುಗಿ ಬೆವರು ಕಿತ್ತುಕೊಂಡಿತು, 54. ಆ ದಿನದ ಇನ್ಸುಲಿನ್ ಯಾವಾಗೆಂದು ಮೊದಲೇ ಕೇಳಿಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

ದಾವಣಗೆರೆಯಿಂದ: ಇಂದು ಊಟವಾದ ಎರಡು ಗಂಟೆಗೆ ನೋಡಿದೆವು, 241. ತಮ್ಮ ಮಾತಾಡದೆ ಸೂಜಿ ತೆಗೆದುಕೊಂಡ. ಅಮ್ಮನಿಗೆ ನಿಮ್ಮ ಮಾತನ್ನು ಎರಡು ಸಲ ಓದಿ ಹೇಳಿದೆ. ಸ್ಟ್ರಿಪ್‌ಗಳ ಬೆಲೆಯೇ ಕಣ್ಣು ಕುಕ್ಕುತ್ತಿದೆ, ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಿರಿ?