ಸಹಾಯ ಬೇಕು: ಬೆಳದಿಂಗಳ ಜಲಪಾತದ ನೊರೆಯನ್ನು ತೈಲವರ್ಣದಲ್ಲಿ ತರುವುದು ಹೇಗೆ?

ತೈಲವರ್ಣದಲ್ಲಿ ಕೆಲಸ ಮಾಡುವ ಎಲ್ಲರಿಗೂ ನಮಸ್ಕಾರಗಳು. ಹತ್ತೊಂಬತ್ತನೆಯ ಶತಮಾನದ ರಮ್ಯ ಪಂಥದ ರೀತಿಯಲ್ಲಿ ನಾರ್ವೆಯ ಜಲಪಾತವೊಂದರ ರಾತ್ರಿದೃಶ್ಯವನ್ನು ರಚಿಸುತ್ತಿದ್ದೇನೆ. 1788ರಲ್ಲಿ ಬರ್ಗನ್‌ನಲ್ಲಿ ಹುಟ್ಟಿ, ಡ್ರೆಸ್ಡನ್‌ನಲ್ಲಿ ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಅವರ ಒಡನಾಡಿಯಾಗಿ ನೆಲೆಸಿದ ಯೋಹಾನ್ ಕ್ರಿಶ್ಚಿಯನ್ ಡಾಲ್ ಅವರ ಬೆಳದಿಂಗಳ ಚಿತ್ರಗಳೇ ನನಗೆ ಮಾದರಿ. ಅವರ 1839ರ ಡ್ರೆಸ್ಡನ್ ಚಿತ್ರದಲ್ಲಿ ಎಲ್ಬೆ ನದಿಯ ಮೇಲಿನ ಬೆಳಕು ತಣ್ಣಗೆ ಹೊಳೆಯುತ್ತದೆಯೇ ಹೊರತು ಎಲ್ಲಿಯೂ ಸುಣ್ಣ ಬಳಿದಂತೆ ಕಾಣುವುದಿಲ್ಲ. ಆ ಸೊಬಗಿಗೆ ನಾನು ಮನಸೋತಿದ್ದೇನೆ.

ಬಂಡೆ, ಮರ, ಮೋಡಗಳು ಸಮರ್ಪಕವಾಗಿ ಬಂದಿವೆ. ತೊಡಕಿರುವುದು ನೊರೆಯಲ್ಲಿ. ಟೈಟಾನಿಯಂ ಬಿಳಿಯನ್ನು ನೇರವಾಗಿ ಹಚ್ಚಿದರೆ ರಾತ್ರಿ ಮಾಯವಾಗಿ ಹಗಲಿನ ಜಲಪಾತವೇ ಕಾಣುತ್ತದೆ. ಪ್ರಷ್ಯನ್ ನೀಲಿಯನ್ನು ಬೆರೆಸಿದರೆ, ಅದು ಬಹಳ ತೀಕ್ಷ್ಣವಾದ ಬಣ್ಣವಾದ್ದರಿಂದ, ನೀರೆಲ್ಲ ನೀಲಿಮಯವಾಗುತ್ತದೆ. ಬರ್ನ್ಟ್ ಅಂಬರ್ ಎಂಬ ಕಡುಕಂದು ಬಣ್ಣವನ್ನು ಸೇರಿಸಿ ತಗ್ಗಿಸಿದರೆ ಹೊಳಪೇ ಉಳಿಯುವುದಿಲ್ಲ. ಅಂದಿನ ಕಲಾವಿದರು ಬಳಸುತ್ತಿದ್ದ ಸೀಸದ ಬಿಳಿ ಟೈಟಾನಿಯಂನಷ್ಟು ಅಪಾರದರ್ಶಕವಲ್ಲ, ಆದರೆ ಅದು ವಿಷಕಾರಿಯಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಬಳಸಲಾರೆ.

ದಯವಿಟ್ಟು ತಿಳಿಸಿ: ದಪ್ಪ ಬಿಳಿಯನ್ನು ಮೊದಲು ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಪಾರದರ್ಶಕವಾದ ಕಡುಬಣ್ಣದ ತೆಳುಪದರವನ್ನು ಕೊಡಬೇಕೆ, ಅಥವಾ ಕಡುಬಣ್ಣದ ಮೇಲೆ ಒಣ ಕುಂಚದಿಂದ ಬಿಳಿಯನ್ನು ತೆಳ್ಳಗೆ ಸವರಬೇಕೆ? ಟೈಟಾನಿಯಂ ಬದಲು ಯಾವ ಬಿಳಿ ಸೂಕ್ತ?