ಸಹಾಯ ಬೇಕು: ಮಣಿಪುರ ಚಕ್ರಕ್ಕೂ ಸಿಟ್ಟಿಗೂ ನಂಟು ಎಲ್ಲಿ ಹೇಳಿದೆ?

ನಮಸ್ಕಾರ, ನಾನು ಶಿರಸಿಯವಳು. ತಂಗಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಯೋಗ ತರಗತಿಯಲ್ಲಿ ಯಾರೋ ‘ನಿನ್ನ ಮಣಿಪುರ ಕೆಟ್ಟಿದೆ’ ಅಂದರಂತೆ. ಮಣಿಪುರ ಅಂದರೆ ಯೋಗದಲ್ಲಿ ಹೇಳುವ, ಹೊಕ್ಕುಳ ಭಾಗದ ಶಕ್ತಿಕೇಂದ್ರ. ಪಾಪ, ಅಂದಿನಿಂದ ಮಂಕಾಗಿದ್ದಾಳೆ. ನನಗೆ ಸಂಕಟ.

1577ರ ‘ಷಟ್ಚಕ್ರನಿರೂಪಣ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಣಿಪುರಕ್ಕೆ ಕಮಲದಂತೆ ಹತ್ತು ದಳ, ಅಗ್ನಿತತ್ತ್ವ, ‘ರಂ’ ಬೀಜಮಂತ್ರ. ಬಣ್ಣ ಈಗಿನವರು ಬಿಡಿಸುವ ಹಳದಿಯಲ್ಲ, ನೀರು ತುಂಬಿದ ಮೋಡದ್ದು! ಅಲ್ಲಿರುವುದು ಧ್ಯಾನದ ಕ್ರಮ, ಮನುಷ್ಯರ ಸ್ವಭಾವ ಅಳೆಯುವ ಕೋಲಲ್ಲ. ಏಳು ಚಕ್ರಕ್ಕೆ ಕಾಮನಬಿಲ್ಲಿನ ಏಳು ಬಣ್ಣ ಹಚ್ಚಿದ್ದು ತೀರಾ ಈಚೆಗೆ. ಆದರೆ 13ನೇ ಶತಮಾನದ ಸಂಸ್ಕೃತ ಸಂಗೀತಗ್ರಂಥ ‘ಸಂಗೀತರತ್ನಾಕರ’ ಮಣಿಪುರದ ದಳಗಳಿಗೆ ಈರ್ಷ್ಯೆ, ಲಜ್ಜೆ, ಭಯದಂಥ ಭಾವಗಳನ್ನು ಹೇಳುತ್ತದೆ.

‘ಸಂಗೀತರತ್ನಾಕರ’ದ ಆ ಭಾಗಕ್ಕೆ ಕನ್ನಡ ಅರ್ಥವಿರುವ ಪ್ರತಿ ಶಿರಸಿ, ಸೋಂದಾ, ಕಾರವಾರದ ಕಡೆ ಯಾರ ಹತ್ತಿರವಾದರೂ ಇದೆಯಾ? ಸಂಸ್ಕೃತ ಬಲ್ಲ ಹಿರಿಯರು ಕೂತು ವಿವರಿಸುವುದಾದರೆ ತಂಗಿಯನ್ನೂ ಕರೆದುಕೊಂಡು ಬರುತ್ತೇನೆ. ದಯವಿಟ್ಟು ಇಲ್ಲೇ ತಿಳಿಸಿ.